ಬೆವರಿಗೆ ಕಾದವರು

ಫೆಬ್ರವರಿ ೮, ೧೯೯೮

ಸಭಿಕರೇ! ಮಹಾಜನರೇ! ತಗಡಿನ ಸೂರಿನ ಕೆಳಗೆ ನೆರೆದಿರುವ ಸಮಸ್ತ ಬಂಧುಬಳಗವೇ! ಗೋಡೆಗೆ ಒರಗಿದವರು ಮುಂದೆ ಬನ್ನಿ, ಬಾಗಿಲಲ್ಲಿ ನಿಂತವರು ಗಾಳಿಗೆ ದಾರಿ ಬಿಡಿ, ಪಕ್ಕದ ಮನೆಯವರು ಕಿಟಕಿಯಲ್ಲಿ ಕದ್ದು ಕೇಳುವ ಬದಲು ರಾಜಾರೋಷವಾಗಿ ಒಳಗೇ ಬಂದು ಕೂತುಕೊಳ್ಳಿ! ಭಾವನವರೇ, ಗಡ್ಡ ಕೆರೆಯುವುದನ್ನು ಆಮೇಲೆ ಮುಂದುವರಿಸಬಹುದು. ತಂಗಿಯ ಅತ್ತೆಯವರೇ, ನಿಮ್ಮ ಎಡಗಿವಿ ಮಂದ ಅಂತ ಕೇಳಿದ್ದೇನೆ, ಬಲಗಿವಿ ಈ ಕಡೆ ತಿರುಗಿಸಿ. ತಂಗೀ, ಓದುವವಳು ನೀನು. ಗಂಟಲು ಸರಿ ಮಾಡಿಕೋ. ಪರದೆ ಮೇಲೆ ಹೋಯಿತು. ಶುರು!

ಮೊದಲು ನಾಟಕ ಕಂಪನಿ ಸಮಾಚಾರ. ಈ ಕ್ಯಾಂಪಿನಲ್ಲಿ ನಿಮ್ಮ ಕೋರೆರಾಜ ಮೂರನೇ ಅಂಕದಲ್ಲಿ ರಂಗಕ್ಕೆ ಬಂದರೆ ಮುಂದಿನ ಸಾಲಿನ ಮಕ್ಕಳು ಹಿಂದಿನ ಸಾಲಿಗೆ ಓಡುತ್ತಾರೆ. ಬೇರೆ ಕಂಪನಿಯ ರಾಕ್ಷಸರು ಮೇಣದ ಕೋರೆಹಲ್ಲು ಕಟ್ಟಿಕೊಳ್ಳಬೇಕು. ನನಗೆ ಹುಟ್ಟಿದ ಹಲ್ಲೇ ಸಾಕು. ಇರೋದು ಆರು, ಒಂದೊಂದೂ ಸೂಜಿಮೊನೆ. ದೀಪಗಳ ಬಿಸಿಗೆ ನಾಯಕನ ಬಣ್ಣ ಕುತ್ತಿಗೆಗೆ ಇಳಿದು, ರಾಜಕುಮಾರಿಯ ಹುಬ್ಬು ಕೆನ್ನೆಗೆ ಬಂದು, ಕೊನೆಯ ದೃಶ್ಯದ ಹೊತ್ತಿಗೆ ಯಾರು ಯಾರನ್ನು ಮದುವೆಯಾಗುತ್ತಿದ್ದಾರೆ ಅನ್ನೋದೇ ತಿಳಿಯೋದಿಲ್ಲ. ನನ್ನ ಮುಖ ಮಾತ್ರ ಒಣಗಿದ ಮಡಕೆ; ಹಚ್ಚಿದ ಬಣ್ಣ ಹಚ್ಚಿದ ಹಾಗೇ. ಬೆವರದ ರಾಕ್ಷಸ ಅಂತ ಮೇಕಪ್ಪಿನವನು ನನ್ನ ಮುಂದೆ ಕೈ ಮುಗಿಯುತ್ತಾನೆ. ನಂದು ಉಷ್ಣದ ಮೈ ಅನ್ನೋದು ಅವನಿಗೂ ಗೊತ್ತು. ದೃಶ್ಯಕ್ಕೂ ದೃಶ್ಯಕ್ಕೂ ನಡುವೆ ಬನಿಯನ್ ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ ಹಾಕ್ಕೊಂಡು, ಅದರ ಮೇಲೆ ಕವಚ ಬಿಗಿದು ಹೋಗ್ತೀನಿ. ಪ್ರೇಕ್ಷಕರಿಗೆ ಕಾಣೋದು ರಾಕ್ಷಸನ ಎದೆ, ಒಳಗಿರೋದು ಅಗಸನ ಬಟ್ಟೆ.

ನನ್ನ ಮಗಳು ಜಡೆ ಸುಖವಾಗಿದ್ದಾಳೆ. ಅಳಿಯನ ಬೇಕರಿಯ ಮೇಲಿನ ಕೋಣೆಯಲ್ಲೇ ಸಂಸಾರ. ಕೆಳಗೆ ದಿನವಿಡೀ ಒಲೆ ಉರಿಯೋದರಿಂದ ಚಳಿಗಾಲದಲ್ಲೂ ನೆಲ ಬೆಚ್ಚಗಿರುತ್ತಂತೆ. ತಾಯಿಯಿಲ್ಲದ ಹುಡುಗಿ, ಡೇರೆಯಲ್ಲಿ ಬೆಳೆದವಳು, ಈಗ ಬಿಸಿ ಬ್ರೆಡ್ಡಿನ ವಾಸನೆಯಲ್ಲಿ ಏಳುತ್ತಾಳೆ. ಅವಳ ಅತ್ತೆ, ನನ್ನ ಬೀಗಿತ್ತಿ, ಆ ಸೊಂಟ ದಾಟಿದ ಕೂದಲು ನೋಡಿಯೇ ಒಪ್ಪಿದ್ದು. ನನ್ನ ಬೋಳು ತಲೆಯ ಕಥೆಯನ್ನು ಮಾತುಕತೆಯ ದಿನವೇ ಹೇಳಿಬಿಟ್ಟಿದ್ದೆ: ಮೂರು ವರ್ಷದವನಿಗೇ ಬಾಲಪಾತ್ರಕ್ಕೆ ಕಟ್ಟುಗೂದಲಿನ ಟೋಪನ್ ಅಂಟಿಸಿದರು, ಆ ಗೋಂದು ಕೂದಲನ್ನು ಬೇರು ಸಮೇತ ತಿಂದಿತು ಅಂತ. ಅಮ್ಮ ನನಗೆ ಹೇಳಿದ್ದನ್ನೇ ನಾನು ಅವರಿಗೆ ಹೇಳಿದೆ.

ಈಗ ಇವತ್ತಿನ ಕಥಾನಾಯಕ! ನನ್ನ ಸೋದರಳಿಯ, ಮರಿ! ಹನ್ನೊಂದು ತಿಂಗಳಿಗೆ ಮೊದಲ ಹಲ್ಲು ಬಂತು, ಅದೂ ಚೂಪಾಗಿದೆ ಅಂತ ಬರೆದಿದ್ದೀಯ. ಅದು ಸೋದರಮಾವನ ಹಲ್ಲು! ಕಂಪನಿಗೆ ಮುಂದಿನ ರಾಕ್ಷಸ ಸಿಕ್ಕಿದ. ತಲೆಯಲ್ಲಿ ಕೂದಲಿಲ್ಲ ಅಂತ ಕೊರಗಬೇಡ, ತಡವಾಗಿ ಬಂದ ಕೂದಲು ದಟ್ಟ.

ಇಂತಿ ನಿಮ್ಮೆಲ್ಲರ,
ಕೋರೆರಾಜ

*

ಮಾರ್ಚ್ ೧೫

ಅಣ್ಣನಿಗೆ,

ನಿನ್ನ ಕಾಗದ ಓದಿ ನಮ್ಮತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಗಸನ ಬಟ್ಟೆ ಅನ್ನೋ ಮಾತನ್ನು ಪಕ್ಕದ ಮನೆಯವರು ಎರಡು ಸಲ ಓದಿಸಿದರು. ಮರಿಗೆ ನಿನ್ನ ಹೆಸರು ಹೇಳಿದರೆ ಬಾಯಿ ಅಗಲಿಸಿ ಆ ಒಂದೇ ಹಲ್ಲು ತೋರಿಸುತ್ತೆ.

ಬಿಸಿಲು ಶುರುವಾಗಿದೆ. ನಾನು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯೋದು ಇದೇ ತಗಡಿನ ಕೋಣೆಯಲ್ಲಿ. ಮಧ್ಯಾಹ್ನ ಹೊಲಿಗೆ ಮಿಷನ್ನಿನ ಚಕ್ರ ಮುಟ್ಟೋಕಾಗಲ್ಲ. ಮರಿಯ ಮೈಯೂ ಹಾಗೇ ಆಗಿಬಿಡುತ್ತೆ, ಚಕ್ರದ ಹಾಗೆ. ತೊಟ್ಟಿಲಲ್ಲಿ ಹಾಕಿದರೆ ಕಿರುಚುತ್ತೆ. ಬಚ್ಚಲ ನೆಲದಲ್ಲಿ ಬಿಟ್ಟರೆ ಹೊಟ್ಟೆ ಅಡಿ ಮಾಡಿ ಮಲಗಿ ಸುಮ್ಮನಾಗುತ್ತೆ. ಅತ್ತೆ ನೋಡಿದರೆ ಬೈತಾರೆ, ಶೀತ ಆಗುತ್ತೆ ಅಂತ. ಜ್ವರ ಬಂದು ಬಂದು ಹೋಗ್ತಿದೆ. ಔಷಧಿ ಅಂಗಡಿಯವನು ಸಿರಪ್ ಕೊಟ್ಟಿದ್ದಾನೆ.

ಅಣ್ಣಾ, ನಿನಗೂ ಚಿಕ್ಕಂದಿನಲ್ಲಿ ಹೀಗೆ ಮೈ ಸುಡುತ್ತಿತ್ತು, ಅಮ್ಮ ಏನೋ ಮಾಡುತ್ತಿದ್ದಳು ಅಂತ ಕೇಳಿದ ನೆನಪು. ಏನು ಅದು?

ನಿನ್ನ ತಂಗಿ

*

ಮಾರ್ಚ್ ೨೨

ಸಭಿಕರೇ! ಗಾಬರಿಯ ದೃಶ್ಯಕ್ಕೆ ಇಲ್ಲಿಗೆ ಪರದೆ!

ಜ್ವರ ಅನ್ನೋದು ಹೇಡಿ. ಎದುರು ನಿಂತವರನ್ನು ಕಂಡರೆ ಹಿಂಬಾಗಿಲಿಂದ ಓಡುತ್ತೆ. ಅದರ ಹಿಂಬಾಗಿಲು ಯಾವುದು? ಬೆವರು! ನಮ್ಮ ಕಂಪನಿಯ ಅಡಿಗೆಯವನ ಮಗುವಿಗೆ ಹೋದ ವಾರ ಕೆಂಡದಂಥ ಜ್ವರ. ಎರಡು ಕಂಬಳಿ ಹೊದೆಸಿ, ಕಿಟಕಿ ಮುಚ್ಚಿ ಮಲಗಿಸಿದರು. ಬೆವರು ಧಾರಾಕಾರ ಇಳಿಯಿತು, ಸಂಜೆಗೆ ಮಗು ಎದ್ದು ನನ್ನ ಗದೆ ಎಳೆಯುತ್ತಿತ್ತು. ಮರಿಗೆ ಇನ್ನೊಮ್ಮೆ ಜ್ವರ ಬಂದರೆ ನೀನೂ ಹಾಗೇ ಮಾಡು. ಚೆನ್ನಾಗಿ ಹೊದೆಸು. ಬೆವರು ಬರುವ ತನಕ ತೆಗೆಯಬೇಡ. ನಿನ್ನ ಅತ್ತೆ ಹೇಳೋದೇ ಸರಿ, ಬಚ್ಚಲ ನೆಲದಲ್ಲಿ ಮಲಗಿಸೋದು ಎಲ್ಲಿಯ ಪದ್ಧತಿ?

ಅಮ್ಮ ನನಗೆ ಏನು ಮಾಡುತ್ತಿದ್ದಳೋ ಯಾರಿಗೆ ನೆನಪು? ಒದ್ದೆ ಚೀಲದ ಮೇಲೆ ಮಲಗಿಸುತ್ತಿದ್ದಳು ಅಂತ ಒಂದು ಸಲ ಹೇಳಿದ್ದಳು. ಬಡತನ, ಹಾಸಿಗೆ ಇರಲಿಲ್ಲ, ಮತ್ತೇನು.

ಕೋರೆರಾಜ

*

ಏಪ್ರಿಲ್ ೯, ಗುರುವಾರ

ಅಣ್ಣಾ,

ಬೆಳಿಗ್ಗೆಯಿಂದ ಜ್ವರ ಏರಿದೆ. ನೀನು ಹೇಳಿದ ಹಾಗೇ ಮಾಡಿದ್ದೇನೆ. ಎರಡು ಕಂಬಳಿ, ಮೇಲೆ ನನ್ನ ಮದುವೆಯ ಕೆಂಪು ರಗ್ಗು. ಕಿಟಕಿ ಮುಚ್ಚಿದ್ದೇನೆ. ಅತ್ತೆ ಒಂದು ಕಡೆ, ನಾನು ಒಂದು ಕಡೆ. ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡ್ತೀನಿ. ಒಣ. ಕುತ್ತಿಗೆ ಒಣ. ಕಂಕುಳೂ ಒಣ. ಇನ್ನೇನು ಬೆವರುತ್ತೆ ಅಂತಾರೆ ಅತ್ತೆ. ಕಾಯ್ತಾ ಇದ್ದೀವಿ. ಇವರು ಡಾಕ್ಟರನ್ನು ಕರೆಯೋಕೆ ಹೊರಟಿದ್ದಾರೆ, ಕಾಗದ ಅವರ ಕೈಗೇ ಕೊಡ್ತೀನಿ, ದಾರಿಯಲ್ಲಿ ಅಂಚೆ ಡಬ್ಬಕ್ಕೆ ಹಾಕ್ತಾರೆ.

*

ಏಪ್ರಿಲ್ ೧೨

ಅಣ್ಣಾ, ಮರಿ ಹೋದ. ಗುರುವಾರ ಮಧ್ಯಾಹ್ನ, ಡಾಕ್ಟರು ಬರುವ ಮೊದಲೇ.

*

ಏಪ್ರಿಲ್ ೧೯

ಹಾ ವಿಧಿಯೇ!

ಏನು ಬರೆಯಲಿ ತಂಗೀ. ನಿನ್ನ ಎರಡು ಕಾಗದವೂ ಒಟ್ಟಿಗೇ ಬಂದವು. ಓದಿದ ದಿನವೇ ಆಟ ಇತ್ತು. ಮೂರನೇ ಅಂಕದಲ್ಲಿ ನಾನು ಅಬ್ಬರಿಸಬೇಕಾದ ಕಡೆ ಗದೆ ಕೆಳಗಿಟ್ಟು ಕೂತುಬಿಟ್ಟೆ. ಪ್ರೇಕ್ಷಕರು ಅದನ್ನೇ ಅಭಿನಯ ಅಂದುಕೊಂಡು ಚಪ್ಪಾಳೆ ತಟ್ಟಿದರು. ಥೂ ಈ ಬಾಳು.

ಹೊರಟುಬಿಡಬೇಕು ಅಂತ ಪೆಟ್ಟಿಗೆ ಕಟ್ಟಿದ್ದೆ. ಮಾಲೀಕರು ಕೈ ಹಿಡಿದುಕೊಂಡರು. ರಾಕ್ಷಸನಿಲ್ಲದೆ ಆಟ ನಡೆಯೋದಿಲ್ಲ, ಆಟ ನಡೆಯದಿದ್ದರೆ ಇಡೀ ಕಂಪನಿಗೆ ಊಟವಿಲ್ಲ ಅಂದರು. ನಿಂತೆ. ಹಣೆಬರಹಕ್ಕೆ ಹೊಣೆ ಯಾರು? ಅಮ್ಮನೂ ನನಗಿಂತ ಮೊದಲು ಇಬ್ಬರು ಗಂಡು ಕೂಸುಗಳನ್ನು ಜ್ವರಕ್ಕೆ ಕಳಕೊಂಡವಳು. ಅವಳು ಎದ್ದು ನಿಂತಳು. ನೀನೂ ನಿಲ್ಲಬೇಕು.

ನಿನ್ನ ಅಣ್ಣ

*

ಆಗಸ್ಟ್ ೧೬

ತಂಗೀ,

ಮಳೆಗಾಲ ಅರ್ಧ ಕಳೆಯಿತು, ನಿನ್ನಿಂದ ಒಂದು ಸಾಲಿಲ್ಲ. ಬರೆದ ಮೂರು ಕಾಗದಕ್ಕೂ ಉತ್ತರವಿಲ್ಲ. ನಿನ್ನ ಸಿಟ್ಟು ಯಾಕೆ ಅಂತ ನನಗೆ ಗೊತ್ತು. ಅಣ್ಣ ಬರಲಿಲ್ಲ, ಮಣ್ಣಿಗೆ ನಿಲ್ಲಲಿಲ್ಲ, ಬಣ್ಣ ಹಚ್ಚಿಕೊಂಡು ಕುಣಿದ. ಬೈ. ಬಾಯಿ ತುಂಬ ಬೈ. ಬೈಗುಳ ಅರಗಿಸಿಕೊಳ್ಳೋಕೆ ನನಗೆ ಆರು ಹಲ್ಲು ಸಾಕು. ಆದರೆ ಮೌನ ಬೇಡ. ನಾಟಕದಲ್ಲಿ ಎದುರಿನವರು ಮಾತು ಮರೆತರೆ ನನಗೆ ಕೈಕಾಲು ಆಡೋದಿಲ್ಲ.

ಈಗ ಒಂದು ಸಿಹಿ ಸುದ್ದಿ. ಹೇಳಬೇಕೋ ಬೇಡವೋ ಅಂತ ವಾರ ಒದ್ದಾಡಿದೆ. ಜಡೆ ಬಸುರಿ. ಫೆಬ್ರವರಿಗೆ ಹೆರಿಗೆ. ತವರು ಅಂದರೆ ಈ ಡೇರೆ ತಾನೇ, ಹಾಗಾಗಿ ಅಲ್ಲೇ, ಗಂಡನ ಮನೆಯಲ್ಲೇ ಬಾಣಂತನ. ಮೇಲಿನ ಕೋಣೆಯಲ್ಲಿ ಆಗಲೇ ತೊಟ್ಟಿಲು ಕಟ್ಟಿದ್ದಾರೆ. ಬೀಗಿತ್ತಿ ಒಲೆಯ ಹೊಗೆಗೂಡು ಹಾದುಹೋಗುವ ಗೋಡೆಯ ಪಕ್ಕವೇ ಕಟ್ಟಿಸಿದ್ದಾರೆ, ಮೊಮ್ಮಗುವಿಗೆ ಕಾವು ಸಿಗಲಿ ಅಂತ. ನಿನ್ನ ಹರಕೆ ಅವಳ ಮೇಲಿರಲಿ.

ನಿನ್ನ ಅಣ್ಣ

*

ಸೆಪ್ಟೆಂಬರ್ ೬

ಅಣ್ಣಾ,

ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಬರೆಯೋಕೆ ಕೈ ಬರಲಿಲ್ಲ, ಅಷ್ಟೇ.

ಇನ್ನು ಮೇಲೆ ಕಾಗದವನ್ನು ನನಗೊಬ್ಬಳಿಗೇ ಬರಿ. ಎಲ್ಲರಿಗೂ ಓದಿ ಹೇಳುವಂಥದ್ದು ಬೇಡ. ನನಗೆ ಸಮವಸ್ತ್ರದ ಬಟ್ಟೆ ಕೊಡುವ ಅಂಗಡಿಯ ವಿಳಾಸಕ್ಕೆ ಹಾಕು, ಹಿಂಬದಿಯಲ್ಲಿ ಬರೆದಿದ್ದೀನಿ.

ಕೆಲವು ಮಾತು ಕೇಳ್ತೀನಿ. ಯಾಕೆ ಅಂತ ಈಗ ಕೇಳಬೇಡ. ನಿನಗೆ ನಿಜವಾಗಿ ಯಾವತ್ತೂ ಬೆವರು ಬಂದಿಲ್ಲವೇ? ಓಡಿದಾಗ, ಭಾರ ಹೊತ್ತಾಗ, ಹೆದರಿದಾಗ? ಗೋಂದು ಹಚ್ಚುವ ಮೊದಲು ನಿನ್ನ ತಲೆಯಲ್ಲಿ ಕೂದಲಿತ್ತು ಅಂತ ಕಣ್ಣಾರೆ ಕಂಡವರು ಯಾರಾದರೂ ಇದ್ದಾರಾ? ಅಮ್ಮನ ಆ ಇಬ್ಬರು ಕೂಸುಗಳು ಯಾವ ಕಾಲದಲ್ಲಿ ಹೋದವು? ಬೇಸಿಗೆಯಲ್ಲಾ? ಜಡೆಗೆ ಹಲ್ಲು ಎಲ್ಲ ಇವೆಯಾ?

ತಂಗಿ

*

ಸೆಪ್ಟೆಂಬರ್ ೧೩

ತಂಗೀ,

ಇದೇನಮ್ಮಾ, ಪೊಲೀಸ್ ಸ್ಟೇಷನ್ ಸೇರಿದ್ದೀಯಾ? ಆರೋಪಿ ಕಟಕಟೆಯಲ್ಲಿ ನಿಂತು ಉತ್ತರಿಸುತ್ತಿದ್ದಾನೆ, ಕೇಳು.

ಬೆವರು ಬಂದಿಲ್ಲ. ಹೆದರಿದಾಗಲೂ ಇಲ್ಲ, ಯಾಕಂದರೆ ಕೋರೆರಾಜ ಹೆದರಿದ್ದೇ ಇಲ್ಲ. ಕೂದಲು ಕಂಡವರು ಅಮ್ಮನೊಬ್ಬಳೇ, ಅವಳನ್ನು ಸಾಕ್ಷಿಗೆ ಕರೆಯೋಕೆ ನಾನೇ ಮೇಲೆ ಹೋಗಬೇಕು. ಕೂಸುಗಳು ಹೋದದ್ದು ಬೇಸಿಗೆಯಲ್ಲೇ ಇರಬೇಕು. ಬಾವಿ ಬತ್ತಿದ ವರ್ಷ ಅಂತ ಅಮ್ಮ ಹೇಳುತ್ತಿದ್ದಳು. ಜಡೆಗೆ ಮೇಲಿನ ಸಾಲಿನಲ್ಲಿ ಎರಡು ಹಲ್ಲು ಬರಲೇ ಇಲ್ಲ. ನಕ್ಕರೆ ಆ ಸಂದಿನಲ್ಲೇ ಅವಳ ಚೆಲುವಿರೋದು.

ಇಷ್ಟೆಲ್ಲ ಕೇಳಿದವಳಿಗೆ ನನ್ನ ಮಗಳು ಬಸುರಿ ಅನ್ನೋದು ಕಣ್ಣಿಗೆ ಬೀಳಲಿಲ್ಲವೇ? ಒಂದು ಒಳ್ಳೆಯ ಮಾತು ಬರೆಯೋಕೆ ಅಷ್ಟು ಭಾರವಾಯಿತಾ? ನಿನ್ನ ನೋವು ನನಗೆ ಗೊತ್ತು. ಆದರೆ ಅವಳೂ ನೀನು ಎತ್ತಿ ಆಡಿಸಿದ ಕೂಸೇ.

ಅಣ್ಣ

*

ನವೆಂಬರ್ ೧

ಅಣ್ಣಾ,

ಕೂತು ಓದು. ಆಟ ಇರುವ ದಿನ ಓದಬೇಡ.

ಜೂನ್ ತಿಂಗಳಲ್ಲಿ ನಾನು ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಇವರಿಗೆ ಇನ್ನೊಂದು ಮಗು ಬೇಕು ಅಂತ ಆಸೆ. ನನಗೆ ಮೊದಲನೆಯದು ಯಾಕೆ ಹೋಯಿತು ಅಂತ ತಿಳಿಯದೆ ಎರಡನೆಯದನ್ನು ಹೊರೋಕೆ ಧೈರ್ಯವಿರಲಿಲ್ಲ. ಮರಿಯ ಒಂದೇ ಒಂದು ಫೋಟೊ ಇತ್ತಲ್ಲ, ಹಲ್ಲು ತೋರಿಸಿ ನಗೋದು, ಅದನ್ನು ತೆಗೆದುಕೊಂಡು ಹೋದೆ. ಚರ್ಮದ ಡಾಕ್ಟರಮ್ಮ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ನಿಮ್ಮ ತವರಿನ ಗಂಡಸರಲ್ಲಿ ಇಂಥ ಹಲ್ಲು, ಇಂಥ ತಲೆ ಯಾರಿಗಾದರೂ ಇದೆಯಾ ಅಂತ ಕೇಳಿದರು. ನಾನು ನಿನ್ನ ನಾಟಕದ ಫೋಟೊ ತೋರಿಸಿದೆ. ಬಣ್ಣ ಹಚ್ಚದೆ ತೆಗೆಸಿದ್ದು.

ಅವರು ನನ್ನ ಬೆನ್ನಿಗೆ ಅಯೋಡಿನ್ ಬಳಿದು, ಅದರ ಮೇಲೆ ಹಿಟ್ಟು ಉದುರಿಸಿ, ಬಿಸಿ ದೀಪದ ಮುಂದೆ ಕೂರಿಸಿದರು. ಬೆವರಿದ ಕಡೆ ಹಿಟ್ಟು ಕಪ್ಪಾಗುತ್ತೆ, ಬೆವರದ ಕಡೆ ಬಿಳಿಯಾಗೇ ಉಳಿಯುತ್ತೆ. ಆಮೇಲೆ ಎರಡು ಕನ್ನಡಿ ಹಿಡಿದು ತೋರಿಸಿದರು. ನನ್ನ ಬೆನ್ನು ಪಟ್ಟೆಪಟ್ಟೆಯಾಗಿತ್ತು ಅಣ್ಣಾ. ಸುಳಿ ಸುಳಿಯಾಗಿ, ನೀರು ಇಳಿದುಹೋದ ಮರಳಿನ ಹಾಗೆ. ಕೆಲವು ಪಟ್ಟೆಯಲ್ಲಿ ಬೆವರು ಉಂಟು, ಇನ್ನು ಕೆಲವು ಪಟ್ಟೆಯಲ್ಲಿ ಇಲ್ಲ. ಇಷ್ಟು ವರ್ಷ ಇದೇ ಮೈಯಲ್ಲಿ ಬದುಕಿದ್ದೀನಿ, ನನಗೇ ಗೊತ್ತಿರಲಿಲ್ಲ.

ಅವರು ಹೇಳಿದ್ದನ್ನು ನಾನು ದರ್ಜಿಯಾಗಿ ಅರ್ಥ ಮಾಡಿಕೊಂಡೆ, ನಿನಗೂ ಹಾಗೇ ಹೇಳ್ತೀನಿ. ಬಟ್ಟೆ ಕತ್ತರಿಸೋಕೆ ನಾವು ಕಾಗದದ ಮಾದರಿ ಇಟ್ಟುಕೊಳ್ತೀವಲ್ಲ, ಮೈ ಹೊಲಿಯೋಕೂ ಒಳಗೆ ಅಂಥವು ಸಾವಿರಾರು ಇವೆಯಂತೆ. ವಂಶವಾಹಿ ಅಂತ ಹೆಸರು. ಕೂದಲು, ಹಲ್ಲು, ಬೆವರಿನ ಗ್ರಂಥಿ, ಮೂರಕ್ಕೂ ಬೇಕಾದ ಒಂದು ಮಾದರಿ ನಮ್ಮ ಮನೆಯಲ್ಲಿ ಹರಿದಿದೆ. ಹೆಂಗಸಿಗೆ ಅದರ ಎರಡು ಪ್ರತಿ ಸಿಗುತ್ತೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಹರಿದಿದ್ದರೆ ಇನ್ನೊಂದನ್ನಿಟ್ಟು ಹೇಗೋ ಹೊಲಿದುಕೊಳ್ತಾಳೆ. ಗಂಡಸಿಗೆ ಇರೋದು ತಾಯಿ ಕೊಟ್ಟ ಒಂದೇ ಪ್ರತಿ. ಅದು ಹರಿದದ್ದಾದರೆ ಮುಗಿಯಿತು. ಅಮ್ಮ ನಿನಗೆ ಹರಿದದ್ದು ಕೊಟ್ಟಳು, ನನಗೂ ಕೊಟ್ಟಳು. ನಾನು ಮರಿಗೆ ಕೊಟ್ಟೆ. ಯಾರೂ ಬೇಕಂತ ಕೊಟ್ಟದ್ದಲ್ಲ. ಕಣ್ಣು ಮುಚ್ಚಿ ಎರಡರಲ್ಲಿ ಒಂದು ಎತ್ತಿಕೊಟ್ಟ ಹಾಗೆ.

ಗೋಂದು ನಿನ್ನ ಕೂದಲು ತಿನ್ನಲಿಲ್ಲ ಅಣ್ಣಾ. ಕೂದಲು ಇರಲೇ ಇಲ್ಲ. ಅಮ್ಮ ನಿನ್ನನ್ನು ಒದ್ದೆ ಚೀಲದ ಮೇಲೆ ಮಲಗಿಸಿದ್ದು ಬಡತನಕ್ಕಲ್ಲ. ಇಬ್ಬರನ್ನು ಕಳಕೊಂಡ ಮೇಲೆ ಅವಳಿಗೆ ಏನೋ ಹೊಳೆದಿರಬೇಕು. ಬೆವರದ ಮೈಗೆ ಬಿಸಿ ಹೊರಗೆ ಹಾಕುವ ದಾರಿಯಿಲ್ಲ. ಒದ್ದೆ ಬಟ್ಟೆ, ತಂಪು ನೆಲ, ಗಾಳಿ ಇದ್ದರೆ ಅಂಥ ಮಕ್ಕಳು ಎಲ್ಲರ ಹಾಗೇ ದೊಡ್ಡವರಾಗ್ತಾರೆ ಅಂದರು ಡಾಕ್ಟರಮ್ಮ. ನಿಮ್ಮ ಅಣ್ಣ ಇಲ್ಲವೇ ಅಂದರು. ಅದೊಂದು ಮಾತು ನನ್ನನ್ನು ಕೊಂದಿತು.

ಈಗ ಮುಖ್ಯವಾದದ್ದು. ಅವರು ನಮ್ಮ ಮನೆತನದ ಚಿತ್ರ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ಗುಂಡು. ನಿನ್ನ ಚೌಕ ಪೂರ್ತಿ ಕಪ್ಪು. ನಿನಗೆ ಮಕ್ಕಳಿದ್ದಾರಾ ಅಂತ ಕೇಳಿದರು. ಒಬ್ಬಳು ಮಗಳು, ಒಳ್ಳೆಯ ಕೂದಲಿದೆ ಅಂದೆ. ಅವರು ಅವಳ ಗುಂಡಿನೊಳಗೂ ಒಂದು ಚುಕ್ಕಿ ಇಟ್ಟರು. ಕೂದಲು ತಾಯಿಯ ಪ್ರತಿಯಿಂದ ಬಂದಿರುತ್ತೆ ಅಂದರು. ನಿನಗೆ ಮಗ ಹುಟ್ಟಿದ್ದರೆ ಅವನಿಗೆ ಇದು ಹೋಗುತ್ತಿರಲಿಲ್ಲ. ಮಗಳಿಗೆ ಹೋಗದೆ ಇರೋದೇ ಇಲ್ಲ. ತಂದೆಯ ಹತ್ತಿರ ಕೊಡೋಕೆ ಬೇರೆ ಪ್ರತಿಯೇ ಇಲ್ಲ.

ಜಡೆಗೆ ಗಂಡು ಹುಟ್ಟಿದರೆ ಅರ್ಧಕ್ಕರ್ಧ. ಹಾಗಾಗದೆಯೂ ಇರಬಹುದು. ಆದರೆ ಆ ಕೋಣೆ ಬೇಡ ಅಣ್ಣಾ. ಒಲೆಯ ಮೇಲಿನ ಕೋಣೆ, ಕಾಯುವ ಗೋಡೆ, ಅದರ ಪಕ್ಕ ತೊಟ್ಟಿಲು ಅಂತ ನೀನು ಬರೆದದ್ದನ್ನು ಓದಿದ ಮೇಲೆಯೇ ನಿನಗೆ ಆ ಪ್ರಶ್ನೆಗಳನ್ನೆಲ್ಲ ಹಾಕಿದ್ದು. ನಾನೇ ಅವಳಿಗೆ ಬರೆಯಬಹುದಿತ್ತು. ಆದರೆ ಅವಳ ಮನೆಯಲ್ಲಿ ಕಾಗದ ಒಡೆಯೋದು ಅತ್ತೆ. ನೀನು ಹೋಗಿ ಎದುರಿಗೆ ಕೂತು ಹೇಳು.

ತಂಗಿ

*

ನವೆಂಬರ್ ೮

ಓದಿದೆ.

ಚೌಕ, ಗುಂಡು, ಚುಕ್ಕಿ. ಕಾಣದ ಡಾಕ್ಟರಮ್ಮ ನನ್ನ ಮಗಳ ಹೊಟ್ಟೆಗೆ ಚುಕ್ಕಿ ಇಟ್ಟಳು, ನೀನು ಅದನ್ನು ಅಂಚೆಯಲ್ಲಿ ಕಳಿಸಿದೆ. ನನಗಿದ್ದದ್ದು ಅವಳಿಗೆ ಬಂದಿದ್ದರೆ ಸೊಂಟದುದ್ದದ ಕೂದಲು ಎಲ್ಲಿಂದ ಬಂತು? ನನ್ನ ಮಗಳ ತಲೆಯ ಮೇಲಿರೋದು ಟೋಪನ್ ಅಲ್ಲ.

ಇದನ್ನು ತೆಗೆದುಕೊಂಡು ಹೋಗಿ ಬೀಗಿತ್ತಿಯ ಮುಂದೆ ಏನಂತ ಹೇಳಲಿ? ನಮ್ಮದು ಹರಕು ವಂಶ, ಮುಚ್ಚಿಟ್ಟು ಮದುವೆ ಮಾಡಿದೆ ಅಂತಲಾ? ಆರು ತಿಂಗಳ ಬಸುರಿಯನ್ನು ಪೆಟ್ಟಿಗೆ ಸಮೇತ ಡೇರೆಗೆ ಕಳಿಸಿದರೆ ಅವಳನ್ನು ಯಾವ ದೃಶ್ಯದಲ್ಲಿ ಕೂರಿಸಲಿ?

ನಿನ್ನ ಮನೆಯ ದೀಪ ಆರಿತು, ನನಗೂ ದುಃಖ ಇದೆ. ಆ ಕತ್ತಲೆಯನ್ನು ಹೊತ್ತು ನನ್ನ ಮಗಳ ಮನೆಗೆ ಬರಬೇಡ.

*

ಜನವರಿ ೨೪, ೧೯೯೯

ತಂಗೀ,

ನೀನು ಬರೆಯಲಿಲ್ಲ. ನಾನು ಬರೆದಂಥ ಮಾತಿಗೆ ಯಾರೂ ಉತ್ತರ ಬರೆಯೋದಿಲ್ಲ.

ಕ್ಯಾಂಪು ಬದಲಾಗುವ ನಡುವೆ ಎರಡು ದಿನ ಬಿಡುವಿತ್ತು, ಜಡೆಯ ಮನೆಗೆ ಹೋಗಿದ್ದೆ. ದಿನ ತುಂಬಿದೆ. ಆದರೂ ಕೆಳಗೆ ಬೇಕರಿಯಲ್ಲಿ ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಒಲೆ ಧಗಧಗ ಉರಿಯುತ್ತಿತ್ತು. ಅಳಿಯನ ಅಂಗಿ ಮೈಗೆ ಅಂಟಿತ್ತು, ಬೀಗಿತ್ತಿ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ನಾನು ಬಕೆಟ್ಟಿನ ಪಕ್ಕ ಕೂತು, ಟವೆಲ್ ಅದ್ದಿ ಹೆಗಲಿಗೆ ಹಾಕಿಕೊಂಡಿದ್ದೆ. ಎಲ್ಲರೂ ನಗುತ್ತಿದ್ದರು, ನಾನೂ ನಗಿಸುತ್ತಿದ್ದೆ.

ಜಡೆ ಕೂದಲನ್ನು ಮುಂದಕ್ಕೆ ಹಾಕಿಕೊಂಡು ಬಗ್ಗಿದಳು. ಅವಳ ಕುತ್ತಿಗೆಯ ಹಿಂದೆ, ರವಿಕೆಯ ಮೇಲೆ ಕಾಣುವ ಬೆನ್ನಿನಲ್ಲಿ, ಹಿಟ್ಟು ಹಾರಿ ಕೂತಿತ್ತು. ಒಂದು ಪಟ್ಟೆಯಲ್ಲಿ ಅದು ಕಲಸಿದ ಕಣಕದ ಹಾಗೆ ಒದ್ದೆಯಾಗಿ ಅಂಟಿತ್ತು. ಪಕ್ಕದ ಪಟ್ಟೆಯಲ್ಲಿ ಒಣ ಪುಡಿ, ಊದಿದರೆ ಹಾರುವಂಥದ್ದು. ಮತ್ತೆ ಒದ್ದೆ. ಮತ್ತೆ ಒಣ. ಸುಳಿ ಸುಳಿಯಾಗಿ ಕೆಳಗೆ ಇಳಿದು ಬಟ್ಟೆಯೊಳಗೆ ಹೋಗಿತ್ತು.

ಅಯೋಡಿನ್ ಬೇಕಾಗಲಿಲ್ಲ ತಂಗೀ.

ಹೇಳೋಕೆ ಬಾಯಿ ತೆಗೆದೆ. ಬೀಗಿತ್ತಿ ತಟ್ಟೆಯಲ್ಲಿ ಬಿಸಿ ಬ್ರೆಡ್ಡು ತಂದಿಟ್ಟು, ನಿಮಗೆ ಅಂಚು ತೆಗೆದಿದ್ದೀನಿ, ಹಲ್ಲಿಗೆ ಕಷ್ಟವಾಗಬಾರದು ಅಂದರು. ತಿಂದೆ. ಮೇಲೆ ಕೋಣೆ ತೋರಿಸಿದರು. ನೆಲಕ್ಕೆ ಕಾಲಿಟ್ಟರೆ ಹಂಚಿನ ಮೇಲೆ ಇಟ್ಟ ಹಾಗೆ. ತ್ರಾಣವಿದ್ದಷ್ಟು ಹೊತ್ತು ನಿಂತು, ಚೆನ್ನಾಗಿದೆ ಅಂದು ಇಳಿದು ಬಂದೆ. ಏನೂ ಹೇಳದೆ ಬಸ್ಸು ಹತ್ತಿದೆ. ಆ ಹೆಂಗಸು ಕೆಟ್ಟವಳಾಗಿದ್ದರೆ ಹೇಳುವುದು ಸುಲಭವಾಗುತ್ತಿತ್ತು.

ಒಂದೇ ಒಂದು ಮಾತು ನಿನ್ನನ್ನು ಕೇಳಬೇಕು. ಆ ಗುರುವಾರ ಮರಿಗೆ ಹೊದೆಸಿದ್ದೆಯಾ?

ಅಣ್ಣ

*

ಫೆಬ್ರವರಿ ೧

ಅಣ್ಣಾ,

ಇಲ್ಲ. ಹೊದೆಸಿರಲಿಲ್ಲ.

ಆವತ್ತು ಸೆಕೆ ಬಹಳ, ಮೈಮೇಲಿನ ಅಂಗಿಯನ್ನೂ ತೆಗೆದಿದ್ದೆ. ಕಿಟಕಿ ತೆರೆದೇ ಇತ್ತು. ನಿನ್ನ ಕಾಗದ ನಮಗೆ ತಲುಪಿದ್ದೇ ಆಮೇಲೆ. ಜ್ವರ ಮೆದುಳಿಗೆ ಏರಿತ್ತು, ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲ ಅಂತ ಡಾಕ್ಟರಮ್ಮನೂ ಹೇಳಿದರು. ನೀನು ಇದನ್ನು ತಲೆಯಲ್ಲಿ ಇಟ್ಟುಕೊಂಡು ಕೊರಗಬೇಡ. ಹೊತ್ತಿಗೆ ಊಟ ಮಾಡು.

ಜಡೆಯ ಬೆನ್ನು ನೋಡಿದ್ದೀಯಲ್ಲ. ಇನ್ನು ನನ್ನ ಮಾತು ಬೇಕಾಗಿಲ್ಲ. ಬೇಸಿಗೆ ಬರುವ ಮೊದಲು ಹೋಗು.

ತಂಗಿ

*

ಫೆಬ್ರವರಿ ೯

ತಂಗೀ,

ನಿನ್ನ ಕಾಗದ ಬಂತು. ನೀನು ಕಂಪನಿ ಸೇರಬೇಕಿತ್ತು. ಇಷ್ಟು ಚೆನ್ನಾಗಿ ಪಾತ್ರ ಮಾಡುವವರು ನಮ್ಮಲ್ಲಿ ಯಾರೂ ಇಲ್ಲ.

ನೀನು ಬರೆದದ್ದೆಲ್ಲ ನನ್ನ ಬಣ್ಣದ ಪೆಟ್ಟಿಗೆಯ ತಳದಲ್ಲಿದೆ. ಏಪ್ರಿಲ್ ಒಂಬತ್ತರದ್ದೂ ಇದೆ. ತೆಗೆದೆ, ಓದಿದೆ, ಇದ್ದ ಜಾಗದಲ್ಲೇ ಇಟ್ಟೆ. ಈಗ ನೀನು ಹೇಳಿದ್ದೇ ನಿಜ ಅಂತ ಇಟ್ಟುಕೊಳ್ಳೋಣ. ನಾನು ಇನ್ನು ಯಾವತ್ತೂ ಕೇಳೋದಿಲ್ಲ. ನೀನೂ ನನಗಾಗಿ ಇನ್ನೊಂದು ಸುಳ್ಳು ಕಟ್ಟುವ ಕಷ್ಟ ತೆಗೆದುಕೊಳ್ಳಬೇಡ. ಹತ್ತು ತಿಂಗಳಿಂದ ಆ ಕಂಬಳಿಗಳನ್ನು ನೀನೊಬ್ಬಳೇ ಹೊತ್ತುಕೊಂಡಿದ್ದೀಯ.

ಇವತ್ತು ಅಳಿಯನ ಕಾಗದವೂ ಬಂತು. ಐದು ದಿನದ ಹಿಂದೆ ಹೆರಿಗೆಯಾಯಿತು. ಗಂಡು. ಜಡೆ ಚೆನ್ನಾಗಿದ್ದಾಳೆ. ಮಗುವಿನ ತಲೆ ನುಣ್ಣಗೆ, ತಾತನ ಹಾಗೇ ಅಂತ ಎಲ್ಲರೂ ನಗುತ್ತಿದ್ದಾರಂತೆ. ಚರ್ಮ ಸ್ವಲ್ಪ ಸಿಪ್ಪೆ ಏಳುತ್ತಿದೆ, ಮೈ ಕೊಂಚ ಬಿಸಿ, ಕೋಣೆಯ ಕಾವಿಗೆ ಇರಬೇಕು, ಅಮ್ಮ ಬೆಚ್ಚಗೆ ಸುತ್ತಿ ಮಲಗಿಸಿದ್ದಾರೆ, ಗಾಬರಿಯಿಲ್ಲ ಅಂತ ಬರೆದಿದ್ದಾನೆ. ಹೆಸರಿಡುವ ದಿನ ನಾನೇ ಬಂದು ಒಂದು ಮಾತು ಆಡಬೇಕಂತೆ, ನನ್ನ ಗಂಟಲಿಗೆ ಬೀದಿಯವರೆಲ್ಲ ಕಾದಿದ್ದಾರಂತೆ.

ಈ ಊರಿನಿಂದ ಅಲ್ಲಿಗೆ ದಿನಕ್ಕೆ ಒಂದೇ ಬಸ್ಸು. ಇವತ್ತಿನದು ಹೋಗಿಯಾಯಿತು. ನಾಳೆಯ ಆಟಕ್ಕೆ ರಾಕ್ಷಸನಿಲ್ಲ ಅಂತ ಮಾಲೀಕರಿಗೆ ಹೇಳಿದೆ. ಅವರು ಕೈ ಹಿಡಿದುಕೊಂಡರು. ಬಿಡಿಸಿಕೊಂಡೆ. ಹಾಗಾದರೆ ವಾಪಸು ಬರಬೇಡ ಅಂದರು. ಆಗಲಿ ಅಂದೆ.

ಬೀಗಿತ್ತಿ ಏನು ಅನ್ನುತ್ತಾರೋ ಗೊತ್ತಿಲ್ಲ. ಜಡೆ ನನ್ನ ಮುಖ ನೋಡುತ್ತಾಳೋ ಇಲ್ಲವೋ ಅದೂ ಗೊತ್ತಿಲ್ಲ. ಅವಳಿಗೆ ಆ ಕೂದಲಿನ ಮರೆಯಲ್ಲಿ ನಾನು ಬೇರೇನೋ ಕೊಟ್ಟೆ ಅಂತ ನನಗೇ ತಿಳಿದಿರಲಿಲ್ಲ ಅಂದರೆ ನಂಬುತ್ತಾಳಾ? ಎಲ್ಲ ಸಾವಕಾಶವಾಗಿ ಹೇಳುವಷ್ಟು ಹೊತ್ತು ಆ ಕೋಣೆಯಲ್ಲಿ ನಿಲ್ಲೋಕೆ ನನ್ನಿಂದಾಗೋದಿಲ್ಲ. ಮಗುವಿಂದಲೂ ಆಗೋದಿಲ್ಲ.

ಅದಕ್ಕೇ ಮಾತು ಆಮೇಲೆ. ನಾಳೆ ಬೆಳಿಗ್ಗೆ ಬಸ್ಸಿಳಿದವನೇ ನೇರ ಬೇಕರಿಗೆ ಹೋಗ್ತೀನಿ. ಯಾರಿಗೂ ನಮಸ್ಕಾರ ಹೇಳದೆ ಮೆಟ್ಟಿಲು ಹತ್ತಿ, ಸುತ್ತಿದ ಬಟ್ಟೆ ಬಿಚ್ಚಿ, ಮಗುವನ್ನು ಎತ್ತಿಕೊಂಡು ಕೆಳಗೆ ಇಳಿದು, ಬೀದಿ ಗಾಳಿಗೆ ತರ್ತೀನಿ.

ಅಣ್ಣ